ನೀರಿನ ಹಗೇವು ಬರಿದಾದರೆ: ನೀರಿನ ಕೊರತೆ ಮತ್ತು ದೇಶದ ಆಹಾರ ಭದ್ರತೆ

ಬೆಳೆಗೆ ಬೇಕಾದವು ಮಣ್ಣು, ಬೀಜ, ಗೊಬ್ಬರ ಮತ್ತು ನೀರು. ಬೀಜ ಸಾಧಾರಣವಾದರೆ ಇಳುವರಿ ತಗ್ಗುತ್ತದೆ. ಗೊಬ್ಬರ ಕಡಿಮೆಯಾದರೂ ಇಳುವರಿ ತಗ್ಗುತ್ತದೆ. ಆದರೆ ನೀರು ತಪ್ಪಿದರೆ ಬೆಳೆಯೇ ತಪ್ಪುತ್ತದೆ. ಒಬ್ಬ ರೈತನ ಹೊಲಕ್ಕೆ ಅನ್ವಯಿಸುವ ಈ ಮಾತು ಇಡೀ ದೇಶಕ್ಕೂ ಅನ್ವಯಿಸುತ್ತದೆ. ಗೋದಾಮಿನಲ್ಲಿ ಎಷ್ಟು ಚೀಲ ಧಾನ್ಯವಿದೆ ಎಂಬುದನ್ನು ಸರ್ಕಾರ ಆಗಾಗ ಎಣಿಸುತ್ತದೆ. ಆ ಚೀಲಗಳನ್ನು ತುಂಬಿಸಿದ ನೀರು ಎಷ್ಟು ಉಳಿದಿದೆ ಎಂಬುದನ್ನು ಎಣಿಸುವವರು ಕಡಿಮೆ. ಈ ಎರಡನೆಯ ಲೆಕ್ಕವನ್ನು ರೈತ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಹಾರ ಭದ್ರತೆ ಎಂದರೇನು?

ದೇಶದಲ್ಲಿ ಧಾನ್ಯ ಇದ್ದ ಮಾತ್ರಕ್ಕೆ ಆಹಾರ ಭದ್ರತೆ ಇದೆ ಎನ್ನಲಾಗದು. 1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯು, ಎಲ್ಲ ಜನರಿಗೂ ಎಲ್ಲ ಕಾಲದಲ್ಲಿಯೂ ಸಾಕಷ್ಟು, ಪೌಷ್ಟಿಕವಾದ ಆಹಾರ ಕೈಗೆ ದೊರೆಯುವಂತಿರುವುದೇ ಆಹಾರ ಭದ್ರತೆ ಎಂದು ವಿವರಿಸಿತು. ಇದರಲ್ಲಿ ನಾಲ್ಕು ಅಂಶಗಳಿವೆ. ಧಾನ್ಯ ಬೆಳೆದಿರಬೇಕು, ಕೊಳ್ಳುವ ಶಕ್ತಿ ಇರಬೇಕು, ತಿಂದದ್ದು ಮೈಗೆ ಹತ್ತಬೇಕು, ಈ ಮೂರೂ ವರ್ಷದಿಂದ ವರ್ಷಕ್ಕೆ ತಪ್ಪದೆ ನಡೆಯಬೇಕು.

ನೀರಿನ ಕೊರತೆ ಈ ನಾಲ್ಕನ್ನೂ ತಟ್ಟುತ್ತದೆ. ಮಳೆ ಹೋದರೆ ಬಿತ್ತನೆಯ ಕ್ಷೇತ್ರ ಕುಗ್ಗುತ್ತದೆ, ಬಿತ್ತಿದ್ದರ ಇಳುವರಿಯೂ ಇಳಿಯುತ್ತದೆ. ಬಿತ್ತನೆ, ಕಳೆ, ಕಟಾವು ಇಲ್ಲವಾದಾಗ ಕೂಲಿಯವನಿಗೆ ಕೆಲಸವಿಲ್ಲ. ಅಂಗಡಿಯಲ್ಲಿ ಅಕ್ಕಿ ಇದ್ದರೂ ಅವನ ಮನೆಯ ಒಲೆ ಉರಿಯುವುದಿಲ್ಲ. ಧಾನ್ಯ ಇದ್ದಾಗಲೂ ಕೊಳ್ಳುವ ಶಕ್ತಿ ಇಲ್ಲದೆ ಜನ ಹಸಿವಿನಿಂದ ಸಾಯಬಹುದು ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿಕೊಟ್ಟರು. ಮೇವು ಇಲ್ಲದೆ ದನಗಳು ಸಂತೆಗೆ ಹೋದರೆ ಮಕ್ಕಳ ಹಾಲು ಹೋಗುತ್ತದೆ. ಕುಡಿಯುವ ನೀರು ಕೆಟ್ಟರೆ ತಿಂದ ಅನ್ನವೂ ಮೈಗೆ ಹತ್ತುವುದಿಲ್ಲ. ಹೀಗೆ ಒಂದು ಕೊರತೆ ನಾಲ್ಕು ಬಾಗಿಲುಗಳಿಂದ ಮನೆಯೊಳಗೆ ಬರುತ್ತದೆ.

ದೇಶದ ನೀರಿನ ಲೆಕ್ಕ

ಒಬ್ಬ ಮನುಷ್ಯನಿಗೆ ಕುಡಿಯಲು ದಿನಕ್ಕೆ ಎರಡು ಮೂರು ಲೀಟರ್ ನೀರು ಸಾಕು. ಆದರೆ ಅವನು ಒಂದು ದಿನ ಉಣ್ಣುವ ಆಹಾರವನ್ನು ಬೆಳೆಯಲು 2,000ದಿಂದ 5,000 ಲೀಟರ್ ನೀರು ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಹಾಕಿದೆ. ಎಂದರೆ ನಾವು ನೀರನ್ನು ಕುಡಿಯುವುದಕ್ಕಿಂತ ತಿನ್ನುವುದೇ ಹೆಚ್ಚು.

ಪ್ರಪಂಚದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 18 ಮಂದಿ ಭಾರತದಲ್ಲಿದ್ದಾರೆ. ಸಿಹಿನೀರಿನಲ್ಲಿ ನಮ್ಮ ಪಾಲು ನೂರಕ್ಕೆ ಸುಮಾರು 4 ಮಾತ್ರ. ದೇಶದ ಮೇಲೆ ವರ್ಷಕ್ಕೆ ಸರಾಸರಿ ಸುಮಾರು 4,000 ಶತಕೋಟಿ ಘನ ಮೀಟರ್ ನೀರು ಮಳೆ ಮತ್ತು ಹಿಮದ ರೂಪದಲ್ಲಿ ಬೀಳುತ್ತದೆ. ಆವಿಯಾಗುವುದು, ಹರಿದು ಸಮುದ್ರ ಸೇರುವುದು, ಹಿಡಿಯಲು ಸ್ಥಳವಿಲ್ಲದ್ದು ಎಲ್ಲವನ್ನೂ ಕಳೆದರೆ ಬಳಸಲು ಸಾಧ್ಯವಾದುದು 1,123 ಶತಕೋಟಿ ಘನ ಮೀಟರ್ ಎಂದು ಕೇಂದ್ರ ಜಲ ಆಯೋಗದ ಅಂದಾಜು. ಇದರಲ್ಲಿ 690 ಭಾಗ ನದಿ-ಕೆರೆಗಳ ನೀರು, 433 ಭಾಗ ಅಂತರ್ಜಲ.

ಈ ಮೊತ್ತ ಹೆಚ್ಚುವುದಿಲ್ಲ, ಜನಸಂಖ್ಯೆ ಹೆಚ್ಚುತ್ತದೆ. 1951ರಲ್ಲಿ ತಲೆಗೆ ವರ್ಷಕ್ಕೆ 5,177 ಘನ ಮೀಟರ್ ನೀರು ಬರುತ್ತಿತ್ತು. 2001ರಲ್ಲಿ ಅದು 1,816ಕ್ಕೆ, 2011ರಲ್ಲಿ 1,545ಕ್ಕೆ ಇಳಿಯಿತು. 1,700ಕ್ಕಿಂತ ಕಡಿಮೆಯಾದರೆ ಆ ದೇಶ ನೀರಿನ ಒತ್ತಡದಲ್ಲಿದೆ ಎಂದೂ, 1,000ಕ್ಕಿಂತ ಕಡಿಮೆಯಾದರೆ ನೀರಿನ ಅಭಾವದಲ್ಲಿದೆ ಎಂದೂ ತಜ್ಞರು ಪರಿಗಣಿಸುತ್ತಾರೆ. ನಾವು ಮೊದಲ ಗಡಿಯನ್ನು ಈಗಾಗಲೇ ದಾಟಿದ್ದೇವೆ.

ಎರಡು ಬರಗಾಲಗಳ ಪಾಠ

ನೀರಿನ ಕೊರತೆ ಕಣಜವನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ನಮ್ಮ ದೇಶದ ಎರಡು ಬರಗಳನ್ನು ಹೋಲಿಸಿ ನೋಡಬಹುದು.

1964-65ರಲ್ಲಿ ದೇಶದ ಆಹಾರ ಧಾನ್ಯದ ಉತ್ಪಾದನೆ 8.94 ಕೋಟಿ ಟನ್ನುಗಳಾಗಿತ್ತು. ಮರುವರ್ಷ ಮಳೆ ಕೈಕೊಟ್ಟಿತು, ಉತ್ಪಾದನೆ 7.23 ಕೋಟಿ ಟನ್ನುಗಳಿಗೆ ಕುಸಿಯಿತು. ಕಣಜದಲ್ಲಿ ಹಳೆಯ ದಾಸ್ತಾನು ಇರಲಿಲ್ಲ. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರದೇಶಗಳಿಂದ, ಮುಖ್ಯವಾಗಿ ಅಮೆರಿಕದಿಂದ, ತರಿಸಬೇಕಾಯಿತು. ಹಡಗು ಬಂದರಿಗೆ ಬಂದರೆ ಊಟ ಎಂಬ ಸ್ಥಿತಿ ಅದು. ಧಾನ್ಯ ಕೊಡುವವರ ಮರ್ಜಿಯನ್ನು ಕಾಯಬೇಕಾದ ಕಷ್ಟವನ್ನು ದೇಶ ಆಗ ಅನುಭವಿಸಿತು.

2002ರಲ್ಲಿ ಮುಂಗಾರು ಮಳೆ ವಾಡಿಕೆಗಿಂತ ನೂರಕ್ಕೆ 19 ಭಾಗ ಕಡಿಮೆಯಾಯಿತು. ಹಿಂದಿನ ವರ್ಷ 21.29 ಕೋಟಿ ಟನ್ ಇದ್ದ ಉತ್ಪಾದನೆ 17.48 ಕೋಟಿ ಟನ್ನುಗಳಿಗೆ ಇಳಿಯಿತು. ಟನ್ನುಗಳ ಲೆಕ್ಕದಲ್ಲಿ ಇದು 1965ರ ನಷ್ಟದ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಈ ಸಲ ಹಡಗುಗಳಿಗಾಗಿ ಕಾಯಬೇಕಾಗಲಿಲ್ಲ. ಬರ ಬರುವ ವೇಳೆಗೆ ಸರ್ಕಾರದ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಗೋಧಿ ಮತ್ತು ಅಕ್ಕಿ ಇದ್ದವು. ಆ ದಾಸ್ತಾನು ದೇಶವನ್ನು ಕಾಪಾಡಿತು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. 2002ರಲ್ಲಿ ಕಾಪಾಡಿದ ಆ ಧಾನ್ಯವನ್ನು ಬೆಳೆಸಿದ ನೀರು ಯಾವುದು?

ಕಣಜವನ್ನು ತುಂಬಿದ ನೀರು

ಆ ದಾಸ್ತಾನಿನ ದೊಡ್ಡ ಪಾಲು ಬಂದದ್ದು ಪಂಜಾಬ್ ಮತ್ತು ಹರಿಯಾಣಗಳಿಂದ. ಅಲ್ಲಿ ಕಾಲುವೆಗಳಿವೆ, ನಿಜ. ಆದರೆ ಹಸಿರು ಕ್ರಾಂತಿಯ ನಂತರ ಹೆಚ್ಚಿದ ಬೆಳೆಯ ಭಾರವನ್ನು ಹೊತ್ತದ್ದು ಕೊಳವೆ ಬಾವಿ. ಪಂಜಾಬ್ ಮೂಲತಃ ಭತ್ತದ ನಾಡಲ್ಲ. 1960-61ರಲ್ಲಿ ಅಲ್ಲಿ ಭತ್ತ ಇದ್ದದ್ದು ಸುಮಾರು 2.27 ಲಕ್ಷ ಹೆಕ್ಟೇರಿನಲ್ಲಿ. ಬೆಂಬಲ ಬೆಲೆ, ಖಚಿತವಾದ ಖರೀದಿ ಮತ್ತು ಅಗ್ಗದ ವಿದ್ಯುತ್ ದೊರೆತ ಮೇಲೆ ಅದು 30 ಲಕ್ಷ ಹೆಕ್ಟೇರನ್ನು ಮೀರಿತು. ದೇಶ ಕೇಳಿತು, ಅಲ್ಲಿನ ರೈತ ಬೆಳೆದುಕೊಟ್ಟ; ಅದರಲ್ಲಿ ಅವನ ತಪ್ಪಿಲ್ಲ. ಆದರೆ 2022 ಮತ್ತು 2023ರ ಅಂತರ್ಜಲ ಸಮೀಕ್ಷೆಗಳ ಪ್ರಕಾರ, ವರ್ಷಕ್ಕೆ ನೂರು ಕೊಡ ನೀರು ಎತ್ತಲು ಅವಕಾಶವಿರುವ ಕಡೆ ಪಂಜಾಬ್ 160 ಕೊಡಕ್ಕೂ ಹೆಚ್ಚು ಎತ್ತುತ್ತಿತ್ತು. ಕಡು ಬೇಸಿಗೆಯಲ್ಲಿ ನಾಟಿ ಮಾಡಿ ನೀರು ವ್ಯರ್ಥವಾಗುವುದನ್ನು ತಡೆಯಲು 2009ರಲ್ಲಿ ಅಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಜೂನ್ 10ಕ್ಕೆ ಮುಂಚೆ ನಾಟಿ ಮಾಡಕೂಡದೆಂದು ಆಗ ಗೊತ್ತುಮಾಡಲಾಯಿತು.

ನಮ್ಮ ಹಿರಿಯರು ರಾಗಿ, ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಬಾಯಿ ಮುಚ್ಚಿ, ಬರ ಬಂದಾಗ ಮಾತ್ರ ತೆಗೆಯುತ್ತಿದ್ದರು. ಅಂತರ್ಜಲವೂ ಒಂದು ಹಗೇವು. ಮಳೆ ಬಂದ ವರ್ಷ ತುಂಬಬೇಕು, ಬಾರದ ವರ್ಷ ತೆಗೆಯಬೇಕು. ಈಗ ಒಳ್ಳೆಯ ಮಳೆಯ ವರ್ಷದಲ್ಲಿಯೂ ಅದನ್ನು ತೋಡುತ್ತಿದ್ದೇವೆ. ಭಾರತ ವರ್ಷಕ್ಕೆ ಸುಮಾರು 240 ಶತಕೋಟಿ ಘನ ಮೀಟರ್ ಅಂತರ್ಜಲವನ್ನು ಎತ್ತುತ್ತದೆ. ಪ್ರಪಂಚದಲ್ಲಿ ಇಷ್ಟು ಎತ್ತುವ ದೇಶ ಬೇರೊಂದಿಲ್ಲ. ಅದರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಬೇಸಾಯಕ್ಕೆ.

2023-24ರಲ್ಲಿ ದೇಶದ ಆಹಾರ ಧಾನ್ಯದ ಉತ್ಪಾದನೆ 33 ಕೋಟಿ ಟನ್ನುಗಳನ್ನು ದಾಟಿತು. ಇದು ಹೆಮ್ಮೆಯ ಸಂಗತಿ. ಆದರೆ ಇದರಲ್ಲಿ ಒಂದು ಪಾಲು ಆ ವರ್ಷದ ಮಳೆಯ ಗಳಿಕೆಯಲ್ಲ, ಹಿಂದಿನವರು ಉಳಿಸಿಹೋದ ನೀರಿನ ಸಾಲ. ಸಾಲದ ಹಣವನ್ನು ಆದಾಯವೆಂದು ಬರೆದುಕೊಂಡ ಮನೆ ಎಷ್ಟು ದಿನ ನಿಂತೀತು? ನೆಲದ ಮೇಲಿನ ಕಣಜ ತುಂಬಿದಂತೆ ಕಂಡರೂ ನೆಲದೊಳಗಿನ ಹಗೇವು ಬರಿದಾಗುತ್ತಿದ್ದರೆ ದೇಶಕ್ಕೆ ಭದ್ರತೆ ಇಲ್ಲ.

ಹಣವಿದ್ದರೆ ಕೊಂಡು ತರಬಹುದಲ್ಲವೇ?

ಕೆಲವರು ಹೀಗೆ ಕೇಳುವುದುಂಟು. ಇದಕ್ಕೆ ಸೌದಿ ಅರೇಬಿಯದ ಉದಾಹರಣೆ ಇದೆ. ಆ ಮರಳುಗಾಡಿನ ದೇಶ 1970ರ ದಶಕದ ಕೊನೆಯಿಂದ ತನ್ನ ರೈತರಿಗೆ ಪ್ರಪಂಚದ ಪೇಟೆಗಿಂತ ಹಲವು ಪಟ್ಟು ಹೆಚ್ಚಿನ ಬೆಲೆ ಕೊಟ್ಟು ಗೋಧಿ ಬೆಳೆಸಿತು. ನೀರು ಬಂದದ್ದು ಸಾವಿರಾರು ವರ್ಷಗಳ ಹಿಂದೆ ಇಂಗಿ ಆಳದಲ್ಲಿ ಉಳಿದಿದ್ದ, ಮತ್ತೆ ತುಂಬದ ಪದರಗಳಿಂದ. 1980ರ ದಶಕದ ಮಧ್ಯದಲ್ಲಿ ಅದು ಗೋಧಿಯಲ್ಲಿ ಸ್ವಾವಲಂಬಿಯಾಯಿತು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಬೆಳೆದು ಹೊರದೇಶಗಳಿಗೂ ಮಾರಿತು. ನೀರು ತಳ ಕಾಣತೊಡಗಿದಾಗ 2008ರಲ್ಲಿ ನೀತಿಯನ್ನು ಬದಲಿಸಿ, ಸರ್ಕಾರಿ ಖರೀದಿಯನ್ನು ವರ್ಷವರ್ಷಕ್ಕೂ ತಗ್ಗಿಸಿ 2016ಕ್ಕೆ ನಿಲ್ಲಿಸಿತು. ಅನಂತರ ಮಿತಿ ಹಾಕಿ ಸ್ವಲ್ಪ ಗೋಧಿಗೆ ಅವಕಾಶ ಕೊಟ್ಟರೂ, ನೆಚ್ಚಿಕೊಂಡದ್ದು ಹೊರಗಿನ ಗೋಧಿಯನ್ನೇ.

ಆ ದೇಶಕ್ಕೆ ಎಣ್ಣೆಯ ಹಣವಿದೆ, ಜನಸಂಖ್ಯೆ ಚಿಕ್ಕದು. ನೂರನಲವತ್ತು ಕೋಟಿ ಜನರ ನಮ್ಮ ದೇಶ ಹಾಗೆ ಮಾಡಲಾರದು. 2022ರಲ್ಲಿ ಪ್ರಪಂಚದ ಅಕ್ಕಿ ವ್ಯಾಪಾರದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಪಾಲು ಭಾರತದ್ದೇ ಆಗಿತ್ತು. 2023ರ ಜುಲೈ 20ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಲ್ಲಿಸಿದಾಗ ಪ್ರಪಂಚದ ಪೇಟೆಯಲ್ಲಿ ಬೆಲೆ ಏರಿತು. ಆ ನಿರ್ಬಂಧವನ್ನು 2024ರ ಸೆಪ್ಟೆಂಬರಿನಲ್ಲಿ ತೆಗೆಯಲಾಯಿತು. ಪೇಟೆಗೆ ಅಕ್ಕಿ ತರುವವನೇ ಕೊಳ್ಳಲು ನಿಂತರೆ ಮಾರುವವರು ಯಾರು? ಆದುದರಿಂದ ನಮ್ಮ ಅನ್ನವನ್ನು ನಮ್ಮ ನೀರಿನಿಂದಲೇ ಬೆಳೆದುಕೊಳ್ಳಬೇಕು, ಆ ನೀರು ಮಕ್ಕಳ ಕಾಲಕ್ಕೂ ಉಳಿಯುವಂತೆ ಬೆಳೆದುಕೊಳ್ಳಬೇಕು.

ನಮ್ಮ ಹೊಲದ ಲೆಕ್ಕ

ದೇಶದ ಲೆಕ್ಕ ದೊಡ್ಡದಾಗಿ ಕಂಡರೂ ಅದು ಒಂದೊಂದು ಎಕರೆಯ ಲೆಕ್ಕಗಳ ಮೊತ್ತವೇ. ಕರ್ನಾಟಕದ ಸಾಗುವಳಿ ಭೂಮಿಯಲ್ಲಿ ಹೆಚ್ಚಿನ ಪಾಲು ಖುಷ್ಕಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ನಮ್ಮ ಪೂರ್ವ ಮತ್ತು ದಕ್ಷಿಣದ ಬಯಲು ಜಿಲ್ಲೆಗಳ ಕೆಳಗೆ ಇರುವುದು ಗಟ್ಟಿ ಕಲ್ಲು. ಪಂಜಾಬಿನ ಮೆಕ್ಕಲು ನೆಲದಂತೆ ಇದು ನೀರನ್ನು ಆಳದವರೆಗೂ ತುಂಬಿಕೊಳ್ಳುವುದಿಲ್ಲ. ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಸೀಳುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಾವಿಯನ್ನು ಆಳ ಮಾಡಿದರೆ ನೀರು ಹುಟ್ಟುವುದಿಲ್ಲ. ಅನೇಕ ವೇಳೆ ನೆರೆಯವನ ಬಾವಿಯ ನೀರೇ ನಮ್ಮ ಬಾವಿಗೆ ಇಳಿದು ಬಂದಿರುತ್ತದೆ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ ಎಕರೆಗೆ 24 ಲಕ್ಷ ಲೀಟರ್ ಬೀಳುತ್ತದೆ. ಗಟ್ಟಿ ಕಲ್ಲಿನ ನೆಲದಲ್ಲಿ ಅಂತರ್ಜಲಕ್ಕೆ ಇಳಿಯುವುದು ನೂರಕ್ಕೆ ಹತ್ತು ಎಂದು ಉದಾರವಾಗಿ ಹಿಡಿದರೂ 2.4 ಲಕ್ಷ ಲೀಟರ್. ಇದು ಆ ಎಕರೆಯ ಒಂದು ವರ್ಷದ ಗಳಿಕೆ.

ಇನ್ನು ಖರ್ಚು ನೋಡೋಣ. ಕೊಳವೆ ಬಾವಿಯಿಂದ ಬೇಸಿಗೆ ಭತ್ತ ಬೆಳೆದರೆ ಸುಮಾರು 1,200 ಮಿ.ಮೀ., ಅಂದರೆ ಎಕರೆಗೆ 48 ಲಕ್ಷ ಲೀಟರ್ ನೀರು ಬೇಕು. ಅದು 20 ಎಕರೆಯ ವರ್ಷದ ಗಳಿಕೆ. ಗದ್ದೆಯಲ್ಲಿ ನಿಂತ ನೀರಿನ ಒಂದು ಪಾಲು ಮತ್ತೆ ಇಂಗುತ್ತದೆಂದು ಅರ್ಧವನ್ನು ಕಳೆದರೂ 10 ಎಕರೆಯ ಗಳಿಕೆ. ಕಬ್ಬಿಗಾದರೆ 2,000 ಮಿ.ಮೀ. ಆಸುಪಾಸು ಬೇಕಾಗುತ್ತದೆ.

ಅದೇ ನೀರನ್ನು ಮುಂಗಾರಿನಲ್ಲಿ ಮಳೆ ಬಿಡುವು ಕೊಟ್ಟಾಗ ರಾಗಿಗೆ ಕಾಪಾಡುವ ನೀರಾಗಿ ಹಾಯಿಸಿದರೆ? 50 ಮಿ.ಮೀ.ನಂತೆ ಎರಡು ಸಲ ಕೊಡಲು ಎಕರೆಗೆ 4 ಲಕ್ಷ ಲೀಟರ್ ಸಾಕು. ಒಂದು ಎಕರೆ ಬೇಸಿಗೆ ಭತ್ತದ ನೀರು 12 ಎಕರೆ ರಾಗಿಯನ್ನು ಒಣಗದಂತೆ ಕಾಪಾಡುತ್ತದೆ. ಭತ್ತ 24 ಕ್ವಿಂಟಾಲ್ ಬಂದರೆ ಅಕ್ಕಿ ಸುಮಾರು 16 ಕ್ವಿಂಟಾಲ್. ರಾಗಿಯಲ್ಲಿ ಎಕರೆಗೆ ಕೇವಲ 4 ಕ್ವಿಂಟಾಲ್ ನಷ್ಟ ತಪ್ಪಿತೆಂದು ಹಿಡಿದರೂ ಉಳಿದದ್ದು 48 ಕ್ವಿಂಟಾಲ್, ಜೊತೆಗೆ ದನಗಳಿಗೆ ಹುಲ್ಲು. ದೇಶದ ಆಹಾರ ಭದ್ರತೆಯನ್ನು ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಅಳೆದರೆ ಸಾಲದು. ಲಕ್ಷ ಲೀಟರ್ ನೀರಿಗೆ ಎಷ್ಟು ಕ್ವಿಂಟಾಲ್ ಎಂದೂ ಅಳೆಯಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಬಹಳ ಸ್ವಲ್ಪ. ತಿಂದದ್ದು ಮೈಗೆ ಹತ್ತಬೇಕೆಂಬ ಮಾತಿಗೂ ಈ ಲೆಕ್ಕ ಹೊಂದುತ್ತದೆ.

ರೈತರು ಅನುಸರಿಸಬಹುದಾದ ಕ್ರಮಗಳು

1. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಿರಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಿ, ಬದುಗಳನ್ನು ಭದ್ರಪಡಿಸಿ. ವಿಜಯಪುರದ ಕಡೆಯ ಎರೆ ಭೂಮಿಯಲ್ಲಿ ಮುಂಗಾರಿನಲ್ಲೇ ಚೌಕು ಮಡಿ ಮಾಡಿ ನೀರು ಇಂಗಿಸಿದರೆ, ಹಿಂಗಾರಿನಲ್ಲಿ ಬಿತ್ತಿದ ಎಂ 35-1 ಜೋಳ ಆ ತೇವದ ಮೇಲೆಯೇ ಬೆಳೆಯುತ್ತದೆ.

2. ಕೃಷಿ ಹೊಂಡ ಮಾಡಿಕೊಳ್ಳಿ. ಎರಡು ಲಕ್ಷ ಲೀಟರ್ ಹಿಡಿಯುವ ಹೊಂಡ ಒಂದು ಎಕರೆಗೆ 50 ಮಿ.ಮೀ.ನ ಒಂದು ನೀರನ್ನು ಕೊಡುತ್ತದೆ. ಹನಿ ಅಥವಾ ತುಂತುರು ಮೂಲಕ ಕೊಟ್ಟರೆ ಇನ್ನೂ ಹೆಚ್ಚು ನೆಲಕ್ಕೆ ಸಾಕಾಗುತ್ತದೆ.

3. ಸ್ವಲ್ಪವೇ ನೀರಿದ್ದರೆ ಸರಿಯಾದ ಹೊತ್ತಿಗೆ ಕೊಡಿ. ರಾಗಿಗೆ ತೆಂಡೆ ಒಡೆಯುವಾಗ ಮತ್ತು ತೆನೆ ಬರುವಾಗ, ಮುಸುಕಿನ ಜೋಳಕ್ಕೆ ಸೂಲಂಗಿ ಮತ್ತು ರೇಷ್ಮೆ ಕೂದಲು ಬರುವಾಗ, ಕಡಲೆಕಾಯಿಗೆ ಹೂ ಬಿಟ್ಟು ಸೂಜಿ ನೆಲಕ್ಕಿಳಿಯುವಾಗ ಮತ್ತು ಕಾಯಿ ತುಂಬುವಾಗ ನೀರು ತಪ್ಪಬಾರದು.

4. ಮಳೆ ತಡವಾದರೆ ತಳಿ ಬದಲಿಸಿ. ಜುಲೈನಲ್ಲಿ ಬಿತ್ತಲು ಸುಮಾರು 110-115 ದಿನಗಳ ಜಿಪಿಯು 28 ರಾಗಿ ಹೊಂದುತ್ತದೆ. ಆಗಸ್ಟ್ ಕಳೆಯುತ್ತಾ ಬಂದರೆ ನೂರು ದಿನಗಳೊಳಗೆ ಬರುವ ಜಿಪಿಯು 48 ಲೇಸು.

5. ಒಂದೇ ಬೆಳೆಯನ್ನು ನೆಚ್ಚಬೇಡಿ. ರಾಗಿ 8 ಸಾಲಿಗೆ ತೊಗರಿ 2 ಸಾಲು ಹಾಕಿದರೆ ಒಂದಕ್ಕೆ ಮಳೆ ತಪ್ಪಿದರೂ ಇನ್ನೊಂದು ಕೈಹಿಡಿಯುತ್ತದೆ. ತೊಗರಿಯ ಬೇರು ಆಳದ ತೇವವನ್ನು ಹುಡುಕಿಕೊಳ್ಳುತ್ತದೆ.

6. ಭತ್ತ ಬೆಳೆಯಲೇಬೇಕಾದ ಕಡೆ ಸದಾ ನೀರು ನಿಲ್ಲಿಸಬೇಡಿ. ರಂಧ್ರ ಮಾಡಿದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿ, ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ಹಾಯಿಸಿ. ಹೂ ಬರುವ ಕಾಲದಲ್ಲಿ ಮಾತ್ರ ತೆಳುವಾಗಿ ನೀರು ನಿಂತಿರಲಿ. ಈ ಕ್ರಮದಿಂದ ಇಳುವರಿ ಕಡಿಮೆಯಾಗದೆ ನೀರಿನ ಉಳಿತಾಯವಾಗುತ್ತದೆ.

7. ಹನಿ ನೀರಾವರಿಯಿಂದ ಉಳಿದ ನೀರನ್ನು ಬಾವಿಯಲ್ಲೇ ಉಳಿಸಿ. ಉಳಿಯಿತೆಂದು ಇನ್ನೆರಡು ಎಕರೆಗೆ ಕಬ್ಬು ವಿಸ್ತರಿಸಿದರೆ ಉಳಿತಾಯದ ಫಲ ಹೊಲಕ್ಕೂ ಇಲ್ಲ, ಊರಿಗೂ ಇಲ್ಲ.

8. ಕೆರೆಯ ಹೂಳು ಹೊಲಕ್ಕೆ ಬರಲಿ. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಹೂಳು ತೆಗೆದರೆ ಕೆರೆ ನೀರು ಹಿಡಿಯುತ್ತದೆ, ಸುತ್ತಲ ಬಾವಿಗಳು ಊರುತ್ತವೆ, ಹೊಲದ ಮಣ್ಣು ತೇವ ಹಿಡಿಯುತ್ತದೆ. ದೊಡ್ಡ ಜಲಾಶಯಗಳಿಗೂ ಇದೇ ರೋಗವಿದೆ. ಸುಮಾರು 133 ಟಿಎಂಸಿ ಸಾಮರ್ಥ್ಯದೊಂದಿಗೆ ಆರಂಭವಾದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಮೇಲಿನ ಹೊಲಗಳ ಮಣ್ಣು ಕೊಚ್ಚಿ ಹೋಗದಂತೆ ತಡೆಯುವುದೂ ನೀರು ಉಳಿಸುವ ಕೆಲಸವೇ.

ರೈತನೊಬ್ಬನಿಂದಲೇ ಆಗುವ ಕೆಲಸವಲ್ಲ

ನೀರು ಕಡಿಮೆ ಕುಡಿಯುವ ಬೆಳೆಯನ್ನು ಬೆಳೆಯಿರಿ ಎಂದು ಉಪದೇಶ ಮಾಡುವುದು ಸುಲಭ. ಆದರೆ ರೈತ ಬೆಳೆಯುವುದು ಕೊಳ್ಳುವವರಿರುವ ಬೆಳೆಯನ್ನು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ, ಸಾಮಾನ್ಯ ಭತ್ತದ್ದು 2,300 ರೂಪಾಯಿ. ಕಾಗದದ ಮೇಲೆ ರಾಗಿಯೇ ಮುಂದು. ಆದರೆ ಬೆಲೆ ಘೋಷಿಸಿದರೆ ಸಾಲದು. ಸುಗ್ಗಿಯ ಹೊತ್ತಿಗೆ ಖರೀದಿ ಕೇಂದ್ರ ತೆರೆದಿರಬೇಕು, ತಂದ ರಾಗಿಯನ್ನೆಲ್ಲ ಕೊಳ್ಳಬೇಕು, ಹಣ ಬೇಗ ಕೈಸೇರಬೇಕು. ಅಕ್ಕಿ-ಗೋಧಿಯ ಜೊತೆಗೆ ರಾಗಿ-ಜೋಳಗಳಿಗೂ ಪಡಿತರದಲ್ಲಿ ನಿಶ್ಚಿತವಾದ ಪಾಲು ದೊರೆತರೆ ನೀರಿನ ಮೇಲಿನ ಭಾರ ತಾನಾಗಿ ಇಳಿಯುತ್ತದೆ. ಪಡಿತರ ಚೀಟಿಯಲ್ಲಿ ಯಾವ ಧಾನ್ಯವಿದೆ ಎಂಬುದೇ ಎಷ್ಟೋ ಸಲ ಯಾವ ಊರಿನ ಬಾವಿ ಬತ್ತಬೇಕೆಂಬುದನ್ನು ತೀರ್ಮಾನಿಸುತ್ತದೆ.

ಬಾವಿ ಒಬ್ಬನ ಹೆಸರಿನಲ್ಲಿದ್ದರೂ ಅದರೊಳಗಿನ ನೀರು ಊರಿನದು. ಆದುದರಿಂದ ಮುಂಗಾರು ಮುಗಿದ ಮೇಲೆ ಊರಿನವರು ಒಂದೆಡೆ ಕುಳಿತು, ಈ ವರ್ಷ ಬಿದ್ದ ಮಳೆ ಎಷ್ಟು, ಕೆರೆಯಲ್ಲಿ ನಿಂತದ್ದು ಎಷ್ಟು, ಬಾವಿಗಳ ಮಟ್ಟ ಎಲ್ಲಿದೆ ಎಂದು ನೋಡಿ, ಬೇಸಿಗೆಗೆ ಯಾವ ಬೆಳೆ ಎಷ್ಟು ಎಕರೆ ಎಂದು ನಿರ್ಧರಿಸುವುದು ಒಳ್ಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣಕ್ಕೆ ಹೇಗೋ ನೀರಿಗೂ ಹಾಗೆಯೇ.

1966ರಲ್ಲಿ ದೇಶ ಹಡಗನ್ನು ನೆಚ್ಚಿತು. 2002ರಲ್ಲಿ ಗೋದಾಮನ್ನು ನೆಚ್ಚಿತು. ಮುಂದೆ ಬರುವ ಬರಗಳಲ್ಲಿ ನೆಚ್ಚಬೇಕಾದದ್ದು ನಮ್ಮ ಹೊಲದ ಮಣ್ಣಿನಲ್ಲಿ, ಕೆರೆಯಲ್ಲಿ, ಕಲ್ಲಿನ ಸೀಳಿನಲ್ಲಿ ನಾವು ಉಳಿಸಿಟ್ಟ ನೀರನ್ನು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ. ಈ ಮುಂಗಾರಿನಲ್ಲಿ ಒಂದು ಬದುವನ್ನಾದರೂ ಸರಿಪಡಿಸಿ, ಒಂದು ಹೊಂಡವನ್ನಾದರೂ ತೋಡಿ, ರೈತ ಬಾಂಧವರು ಈ ಕಾರ್ಯವನ್ನು ಆರಂಭಿಸಬೇಕು.